ಪಿಕಪ್ ಎತ್ತರಿಸುವ ಮುನ್ನ ಟೇಪ್ ಹಿಡಿದು ಅಳೆಯಿರಿ

2024ರ ಆಗಸ್ಟ್ ಕೊನೆಯ ವಾರ ವಡೋದರದಲ್ಲಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ವಿಶ್ವಾಮಿತ್ರಿ ನದಿ 25 ಅಡಿಯ ಅಪಾಯದ ಮಟ್ಟ ದಾಟಿ ಬಡಾವಣೆಗಳಿಗೆ ನುಗ್ಗಿತು. ನೀರಿನ ಜೊತೆ ಮೊಸಳೆಗಳೂ ಬಂದವು. ಸೂರತ್‌ನ ಹಿರಿಯರು 2006ರ ಆಗಸ್ಟ್‌ನ ತಾಪಿ ಪ್ರವಾಹವನ್ನು ಮರೆತಿಲ್ಲ. ಅಹಮದಾಬಾದ್‌ನಲ್ಲಂತೂ ಜೋರು ಮಳೆ ಬಂದರೆ ಮೀಠಾಖಳಿ, ಅಖ್ಬಾರನಗರದ ಅಂಡರ್‌ಪಾಸ್‌ಗಳಲ್ಲಿ ನೀರು ನಿಲ್ಲುವುದು ಎಲ್ಲರಿಗೂ ಗೊತ್ತು. ಹೋಟೆಲ್, ಕೇಟರಿಂಗ್, ಬಟ್ಟೆ ವ್ಯಾಪಾರ ಎಂದು ಪಿಕಪ್ ಇಟ್ಟುಕೊಂಡಿರುವ ನಮ್ಮವರಿಗೆ ಹಾಗಾಗಿ ಮಳೆಗಾಲ ಹತ್ತಿರ ಬಂದಾಗ ಒಂದು ಯೋಚನೆ ಬರುವುದು ಸಹಜ: ಸಸ್ಪೆನ್ಷನ್ ಲಿಫ್ಟ್ ಕಿಟ್ ಹಾಕಿಸಿ ಗಾಡಿಯನ್ನು ಎರಡು ಇಂಚು ಎತ್ತರಿಸಿದರೆ ಹೇಗೆ?

ಯಾವ ಕಂಪನಿಯ ಕಿಟ್ ಎಂಬುದು ಆಮೇಲಿನ ಮಾತು. ಎತ್ತರ ಯಾತಕ್ಕೆ ಬೇಕು ಎಂಬುದು ಮೊದಲ ಪ್ರಶ್ನೆ.

ಗಾಡಿ ತಗ್ಗಿದೆಯೋ, ಕುಸಿದಿದೆಯೋ?

ನಾಲ್ಕೈದು ವರ್ಷ ಭಾರ ಹೊತ್ತ ಪಿಕಪ್‌ನ ಹಿಂದಿನ ಲೀಫ್ ಸ್ಪ್ರಿಂಗ್‌ಗಳು ಬಾಗು ಕಳೆದುಕೊಂಡು ಚಪ್ಪಟೆಯಾಗುತ್ತವೆ. ಬುಷ್‌ಗಳು ಸವೆಯುತ್ತವೆ, ಒಂದೊಂದು ಪ್ಲೇಟ್ ಬಿರುಕು ಬಿಟ್ಟಿರುತ್ತದೆ. ಖಾಲಿ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ನೇರ ಮೇಲಿರುವ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಟೇಪ್ ಹಿಡಿದು ಅಳೆಯಿರಿ. ಅದೇ ಮಾಡೆಲ್‌ನ ಹೊಸ ಗಾಡಿಯ ಅಳತೆಯೊಂದಿಗೆ ಹೋಲಿಸಿ ನೋಡಿ. ನಿಮ್ಮದು ಒಂದೂವರೆ ಇಂಚು ಕಡಿಮೆ ಇದ್ದರೆ, ನಿಮಗೆ ಬೇಕಾದ್ದು ಲಿಫ್ಟ್ ಅಲ್ಲ, ರಿಪೇರಿ. ಕಂಪನಿಯ ಅಳತೆಯ ಪ್ಲೇಟ್, ಬುಷ್, ಶಾಕ್ ಅಬ್ಸಾರ್ಬರ್ ಹೊಸದಾಗಿ ಹಾಕಿಸಿದರೆ ಕಳೆದುಹೋದ ಎತ್ತರ ಬಹುಮಟ್ಟಿಗೆ ಮರಳಿ ಬರುತ್ತದೆ. ಇದರಿಂದ ಆರ್‌ಟಿಒ ತಕರಾರೂ ಇಲ್ಲ.

ಎರಡು ಇಂಚು ಕೊಡುವುದೇನು?

ಸಸ್ಪೆನ್ಷನ್ ಲಿಫ್ಟ್ ಮೇಲಕ್ಕೆತ್ತುವುದು ಚಾಸಿ ಮತ್ತು ಬಾಡಿಯನ್ನು. ಹಿಂದಿನ ಆಕ್ಸಲ್‌ನ ನಡುವಿನ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಕಲ್ಲಿಗೆ ತಾಗುವುದು ಅದೇ ಆಗಿದ್ದರೆ ಲಿಫ್ಟ್‌ನಿಂದ ಪ್ರಯೋಜನವಿಲ್ಲ. ಅದನ್ನು ಎತ್ತುವುದು ದೊಡ್ಡ ಟೈರ್ ಮಾತ್ರ, ಅದೂ ವ್ಯಾಸ ಎರಡು ಇಂಚು ಹೆಚ್ಚಿದರೆ ಒಂದು ಇಂಚಿನಷ್ಟೇ. ಲಿಫ್ಟ್‌ನ ನಿಜವಾದ ಲಾಭ ದಿಣ್ಣೆ ಹತ್ತುವಾಗ ಮುಂದಿನ ಬಂಪರ್, ಇಳಿಯುವಾಗ ಹಿಂಭಾಗ ತಾಗದಿರುವುದು. ಕಚ್ಛ್‌ನ ಮಣ್ಣಿನ ದಾರಿಗೋ ಡಾಂಗ್‌ನ ಕಾಡಿನ ಕಡೆಗೋ ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಕೊಂಡೊಯ್ಯುವವರಿಗೆ ಇದು ಉಪಯೋಗವೇ. ಬೆಳಗ್ಗೆ ಮಾರ್ಕೆಟ್‌ಗೆ ಹೋಗಿ ತರಕಾರಿ ತರುವ ಗಾಡಿಗೆ ಅಲ್ಲ.

ಇನ್ನು ನೀರಿನ ವಿಷಯ. ಹರಿಯುವ ನೀರು ಎರಡು ಅಡಿ ಇದ್ದರೆ ಪಿಕಪ್‌ನಂಥ ಗಾಡಿಯನ್ನೂ ತೇಲಿಸಿ ಎಳೆದೊಯ್ಯಬಲ್ಲದು. ಅದರ ಎದುರು ಎರಡು ಇಂಚು ಯಾವ ಲೆಕ್ಕ? ಎತ್ತರದ ಗಾಡಿ ಇದೆ ಎಂಬ ಧೈರ್ಯದಲ್ಲಿ ಅಂಡರ್‌ಪಾಸ್‌ಗೆ ಇಳಿದರೆ ಅದೇ ಧೈರ್ಯ ಮುಳುವಾಗುತ್ತದೆ. ಪ್ರವಾಹಕ್ಕೆ ಸಿಕ್ಕ ಗಾಡಿಯ ಇಂಜಿನ್ ಉಳಿಸುವ ಉಪಾಯ ಬೇರೆ: ನೀರು ಹೊಕ್ಕ ಮೇಲೆ ಸ್ಟಾರ್ಟ್ ಮಾಡಲೇಬಾರದು. ಇಂಜಿನ್‌ಗೆ ನೀರು ಹೊಕ್ಕ ಹಾನಿಯನ್ನು ಭರಿಸುವ ಹೆಚ್ಚುವರಿ ವಿಮೆ ನಿಮ್ಮ ಗಾಡಿಗೆ ಸಿಗುತ್ತದೆಯೇ ಎಂದು ಈಗಲೇ ಕೇಳಿಡಿ.

ಕಳೆದುಕೊಳ್ಳುವುದೇನು?

ಒಂದು ಸರಳ ಲೆಕ್ಕ. ಎಡಬಲ ಚಕ್ರಗಳ ನಡುವಿನ ಅಂತರ 1,500 ಮಿ.ಮೀ., ಗಾಡಿಯ ಗುರುತ್ವ ಕೇಂದ್ರ ನೆಲದಿಂದ 750 ಮಿ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಅಂತರದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ 1.0. ಗಾಡಿ ಮಗುಚದೆ ನಿಲ್ಲುವ ಶಕ್ತಿಯ ಒಂದು ಅಳತೆ ಇದು. 50 ಮಿ.ಮೀ. ಎತ್ತರಿಸಿದರೆ ಅದು 0.94ಕ್ಕೆ ಇಳಿಯುತ್ತದೆ. ಮೇಲೆ ಪಾತ್ರೆ, ಕುರ್ಚಿ, ಸೀರೆಯ ಗಂಟುಗಳನ್ನು ಪೇರಿಸಿ ಕೇಂದ್ರ 900 ಮಿ.ಮೀ.ಗೆ ಏರಿದರೆ 0.83. ಅಹಮದಾಬಾದ್–ವಡೋದರ ನಡುವಿನ 93 ಕಿ.ಮೀ. ಎಕ್ಸ್‌ಪ್ರೆಸ್‌ವೇಯಲ್ಲಿ ಎದುರಿಗೆ ದನ ಬಂದು ಥಟ್ಟನೆ ಸ್ಟೀರಿಂಗ್ ತಿರುಗಿಸಬೇಕಾದಾಗ ಈ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ಒಂದು ಸರಳಿನ ಮೂಲಕ ಬ್ರೇಕ್ ವಾಲ್ವ್ ಜೋಡಿಸಿರುತ್ತಾರೆ. ಹಿಂಭಾಗ ಎಷ್ಟು ತಗ್ಗಿದೆ ಎಂಬುದರ ಮೇಲೆ ಅದು ಭಾರವನ್ನು ಅಳೆದು ಹಿಂದಿನ ಬ್ರೇಕ್‌ನ ಒತ್ತಡ ನಿರ್ಧರಿಸುತ್ತದೆ. ಗಾಡಿ ಎತ್ತರಿಸಿ ಈ ಸರಳನ್ನು ಹೊಂದಿಸದೆ ಬಿಟ್ಟರೆ, ಲೋಡ್ ತುಂಬಿದ್ದರೂ ವಾಲ್ವ್ ಮಟ್ಟಿಗೆ ಗಾಡಿ ಖಾಲಿ. ಬ್ರೇಕ್ ಬೇಕಾದಾಗಲೇ ಕಡಿಮೆ ಸಿಗುತ್ತದೆ.

ಸೂರತ್‌ನ ಜವಳಿ ಮಾರುಕಟ್ಟೆಯ ಗೆಳೆಯರಿಗೆ ಒಂದು ಮಾತು: ಪ್ಲೇಟ್ ಹೆಚ್ಚು ಹಾಕಿಸಿದರೆ ಗಾಡಿ ಬಗ್ಗುವುದಿಲ್ಲ, ನಿಜ. ಆದರೆ ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಅದರಿಂದ ಒಂದು ಕಿಲೋ ಕೂಡ ಏರುವುದಿಲ್ಲ. ಆಕ್ಸಲ್, ಬ್ರೇಕ್, ಟೈರ್ ಎಲ್ಲ ಹಳೆಯವೇ. ಅತಿಭಾರಕ್ಕೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000.

ಕಾನೂನು ಏನನ್ನುತ್ತದೆ?

ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಎಂದಾಯಿತು. ಕಿಟ್ ಅಂಗಡಿಯಲ್ಲಿ ಬಿಲ್ ಸಮೇತ ಸಿಗುತ್ತದೆ ಎಂದ ಮಾತ್ರಕ್ಕೆ ರಸ್ತೆಯಲ್ಲಿ ಅದಕ್ಕೆ ಅನುಮತಿ ಇದೆ ಎಂದಲ್ಲ. ಬಾಡಿಗೆ ಗಾಡಿಯಾದರೆ ಪಾಸಿಂಗ್‌ನಲ್ಲಿ ಸಿಕ್ಕಿಬೀಳುತ್ತೀರಿ. ಹೇಳದೆ ಮಾಡಿದ ಬದಲಾವಣೆ ಅಪಘಾತದ ನಂತರ ವಿಮೆಯವರಿಗೆ ಸಿಗುವ ಮೊದಲ ನೆಪ. ಆದ್ದರಿಂದ ಆರ್‌ಟಿಒ ಮತ್ತು ವಿಮಾ ಕಂಪನಿ ಎರಡನ್ನೂ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆದ ಮೇಲೆಯೇ ಹಣ ಕೊಡಿ.

ಅನುಮತಿ ಸಿಕ್ಕಿ, ಹಾಕಿಸುವುದೇ ಆದರೆ

ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಕ್ಕೊಂದು ಹೊಂದುವ ಪೂರ್ಣ ಕಿಟ್ ಆರಿಸಿ; ಎರಡು ಇಂಚು ಮೀರಬೇಡಿ. ಉದ್ದನೆಯ ಶ್ಯಾಕಲ್ ಹಾಕುವ ಅಗ್ಗದ ದಾರಿ ಬೇಡ. ಎರಡು ಇಂಚು ಉದ್ದದ ಶ್ಯಾಕಲ್‌ನಿಂದ ಗಾಡಿ ಏರುವುದು ಸುಮಾರು ಒಂದೇ ಇಂಚು, ಆಕ್ಸಲ್‌ನ ಕೋನವೂ ಕೆಡುತ್ತದೆ. ಕಿಟ್ ಕೊಳ್ಳುವಾಗ ಸದಾ ಎಷ್ಟು ಭಾರ ಹೊರುತ್ತೀರಿ ಎಂದು ನಿಜ ಹೇಳಿ. ಭಾರಕ್ಕೆಂದು ಮಾಡಿದ ಸ್ಪ್ರಿಂಗ್ ಖಾಲಿ ಗಾಡಿಯನ್ನು ಕುದುರೆಯಂತೆ ಕುಣಿಸುತ್ತದೆ. ಯು-ಬೋಲ್ಟ್ ಹೊಸದೇ ಇರಲಿ, ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೆ ಬಿಗಿ ಮಾಡಿಸಿ. ಬ್ರೇಕ್ ಪೈಪ್ ಎಳೆದುಕೊಂಡಿದೆಯೇ ನೋಡಿ. ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ತಗ್ಗಿಸಿ; ಎದುರಿನವರ ಕಣ್ಣಿಗೆ ಹೊಡೆಯದಿರಲಿ.

ಊರು ಬಿಟ್ಟು ಬಂದು ಇಲ್ಲಿ ನೆಲೆ ಕಂಡ ಎಷ್ಟೋ ಮನೆಗಳ ಅನ್ನ ಒಂದು ಪಿಕಪ್‌ನ ಮೇಲೆ ನಿಂತಿದೆ. ಅದನ್ನು ಓಡಿಸುವುದು ಹೆಚ್ಚಾಗಿ ನಾವಲ್ಲ, ಊರಿನಿಂದ ಕರೆತಂದ ಹುಡುಗನೊಬ್ಬ. ಕಿಟ್‌ಗೆ ಇಟ್ಟ ಹಣದಲ್ಲಿ ಮೊದಲು ಸ್ಪ್ರಿಂಗ್, ಟೈರ್, ಬ್ರೇಕ್ ಸರಿಮಾಡಿಸಿ. ನೀರು ನಿಂತ ದಾರಿಯಲ್ಲಿ ಮುಂದೆ ಹೋಗಬೇಡ, ತಡವಾದರೂ ಪರವಾಗಿಲ್ಲ ಎಂದು ಅವನಿಗೆ ಹೇಳಿಡಿ.