ಕಾಯಂ ಆಗುವ ಮೊದಲೇ ಬದಲಾಗುವ ನಿಯಮ

ಯಾವ ದೇಶಕ್ಕೆ ಹೋಗುವುದೆಂದು ಲೆಕ್ಕ ಹಾಕುವ ಬೆಂಗಳೂರಿನ ಸಾಫ್ಟ್‌ವೇರ್ ದಂಪತಿ ಮೊದಲು ನೋಡುವುದು ಸಂಬಳ. ಆಮೇಲೆ ತೆರಿಗೆ, ಮನೆ ಬಾಡಿಗೆ, ಚಳಿ, ಶಾಲೆ. ಮುಂದೆ ಕಾಡುವ ಅಂಕಿ ಮಾತ್ರ ಆ ಪಟ್ಟಿಯಲ್ಲಿ ಇರುವುದೇ ಇಲ್ಲ: ವಿಮಾನ ಇಳಿದ ದಿನದಿಂದ ಕಾಯಂ ವಾಸದ ಹಕ್ಕು ಕೈಗೆ ಸಿಗುವವರೆಗೆ ಎಷ್ಟು ವರ್ಷ? ಅಷ್ಟು ವರ್ಷವೂ ಆ ಕುಟುಂಬ ಪರದೇಶದ ಸರ್ಕಾರದ, ಹೆಚ್ಚಿನ ವೇಳೆ ಒಂದೇ ಕಂಪನಿಯ ಮರ್ಜಿಯಲ್ಲಿರುತ್ತದೆ. ಇತ್ತೀಚಿನ ದಾಖಲೆಗಳನ್ನು ನೋಡಿದರೆ ಈ ಅತಂತ್ರದ ಅವಧಿಯಲ್ಲೇ ನಿಯಮಗಳು ಬೇಗಬೇಗ ಬದಲಾಗುತ್ತಿವೆ.

ಅಮೆರಿಕವನ್ನೇ ತೆಗೆದುಕೊಳ್ಳಿ. 1990ರ ಕಾನೂನಿನ ಪ್ರಕಾರ ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಸಂಗಾತಿ, ಮಕ್ಕಳೂ ಇದರಲ್ಲೇ ಸೇರಬೇಕು. ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ 7ರ ಮಿತಿ. ಐಸ್‌ಲ್ಯಾಂಡಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ನಮ್ಮ ಸ್ನಾತಕೋತ್ತರ ಪದವೀಧರರು ಹೆಚ್ಚಾಗಿ ಬರುವ ಇಬಿ-2 ವರ್ಗದ ಪಾಲು ಸುಮಾರು 40,000. ಅದರ ಶೇ 7 ಎಂದರೆ 2,800. ಬೇರೆ ದೇಶದವರು ಬಳಸದೆ ಬಿಟ್ಟದ್ದು ಕೆಲವು ವರ್ಷ ನಮ್ಮವರಿಗೆ ಸಿಗುತ್ತದೆ, ಅದನ್ನು ನೆಚ್ಚಿಕೊಳ್ಳುವಂತಿಲ್ಲ. ತಾತ್ಕಾಲಿಕ ಕೆಲಸದ ವೀಸಾ ಎಚ್-1ಬಿಯ ಅನುಮೋದನೆಗಳಲ್ಲಾದರೋ ಶೇ 70ಕ್ಕೂ ಹೆಚ್ಚು ಭಾರತೀಯರದು. ಕೆರೆಗೆ ಹೊಳೆಯೇ ಹರಿದು ಬರುತ್ತಿದೆ, ತೂಬು ಮಾತ್ರ ಬೆರಳಿನಷ್ಟು.

ಅಲ್ಲಿನ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ವೀಸಾ ಬುಲೆಟಿನ್ ಹೊರಡಿಸುತ್ತದೆ. 2025ರ ಜುಲೈ ಸಂಚಿಕೆಯಲ್ಲಿ ಇಬಿ-2 ಸಾಲಿನ ಭಾರತದ ಕಾಲಂನಲ್ಲಿದ್ದ ದಿನಾಂಕ 2013ರ ಜನವರಿ 1. ಅದಕ್ಕೂ ಮೊದಲು ಕಂಪನಿ ಅರ್ಜಿ ಹಾಕಿದ್ದವರಿಗಷ್ಟೇ ಸರದಿ. ಹಾಗಾದರೆ ನಾನೂ ಹನ್ನೆರಡು ವರ್ಷ ಕಾಯುತ್ತೇನೆ ಎಂದು ಹೊಸಬರು ಅಂದುಕೊಳ್ಳುವುದುಂಟು. ಲೆಕ್ಕ ತಪ್ಪುವುದು ಇಲ್ಲೇ. ಅಂದು ಸಾಲಿಗೆ ನಿಂತವರ ಮುಂದೆ ಇದ್ದ ಜನಕ್ಕಿಂತ ಎಷ್ಟೋ ಪಟ್ಟು ಜನ ಇಂದು ನಿಲ್ಲುವವರ ಮುಂದೆ ಇದ್ದಾರೆ. ಅಮೆರಿಕದ ಚಿಂತನ ಸಂಸ್ಥೆ ಕೇಟೋ ಇನ್‌ಸ್ಟಿಟ್ಯೂಟ್ 2023ರಲ್ಲಿ ಅಂದಾಜಿಸಿದಂತೆ ಬಾಕಿ ಇದ್ದ ಭಾರತೀಯರು ಸುಮಾರು 11 ಲಕ್ಷ, ಹೊಸ ಅರ್ಜಿದಾರರು ಕಾಯಬೇಕಾದದ್ದು 134 ವರ್ಷ. ಅಷ್ಟರಲ್ಲಿ ಬಹಳಷ್ಟು ಜನ ಸಾಲು ಬಿಟ್ಟು ಹೋಗುವುದರಿಂದ ಈ ಅಂಕಿಯನ್ನು ಹಾಗೇ ನಂಬಬೇಕಿಲ್ಲ. ಅರ್ಧಕ್ಕೆ ಅರ್ಧ ಕಡಿಮೆ ಮಾಡಿದರೂ ಒಬ್ಬ ಮನುಷ್ಯನ ದುಡಿಮೆಯ ಆಯುಸ್ಸಿನೊಳಗೆ ಅದು ಹಿಡಿಸುವುದಿಲ್ಲ.

ಪೆಟ್ಟು ಬೀಳುವುದು ಮಕ್ಕಳಿಗೆ. ಅಪ್ಪ ಅಮ್ಮನ ವೀಸಾದ ಮೇಲೆ ಹೋದ ಮಗು 21 ತುಂಬಿದೊಡನೆ ಅವಲಂಬಿತ ಸ್ಥಾನ ಕಳೆದುಕೊಳ್ಳುತ್ತದೆ. ಎಂಟು ವರ್ಷಕ್ಕೆ ಹೋಗಿ ಅಲ್ಲೇ ಓದಿ ಬೆಳೆದ ಹುಡುಗಿ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕಬೇಕು, ಇಲ್ಲವೇ ಅಷ್ಟಾಗಿ ಗೊತ್ತೇ ಇಲ್ಲದ ಊರಿಗೆ ಮರಳಬೇಕು. ತಂದೆಯ ಕೆಲಸ ಹೋದರೆ ಬೇರೆ ಕಂಪನಿ ಹುಡುಕಲು ಹೆಚ್ಚೆಂದರೆ 60 ದಿನ. ಇದರ ಮೇಲೆ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಬಂತು: 2025ರ ಸೆಪ್ಟೆಂಬರ್ 19ರ ಶುಕ್ರವಾರ ಸಹಿ, 21ರ ಭಾನುವಾರ ಜಾರಿ.

ಬ್ರಿಟನ್ನಿನ ಕಥೆ ಇನ್ನೂ ಹತ್ತಿರದ್ದು. 2022ರ ಫೆಬ್ರವರಿಯಲ್ಲಿ ಆರೈಕೆ ಕೆಲಸಗಾರರಿಗೆ ಬಾಗಿಲು ತೆರೆಯಿತು. 2024ರ ಮಾರ್ಚ್‌ನಲ್ಲಿ ಹೊಸಬರು ಮನೆಯವರನ್ನು ಕರೆತರಬಾರದೆಂದಿತು. 2025ರ ಜುಲೈನಲ್ಲಿ ಹೊರದೇಶದಿಂದ ಹೊಸ ನೇಮಕವನ್ನೇ ನಿಲ್ಲಿಸಿತು. ಕುಶಲ ಕೆಲಸಗಾರರ ಸಾಮಾನ್ಯ ಸಂಬಳದ ಮಿತಿ 2024ರ ಏಪ್ರಿಲ್‌ನಲ್ಲಿ 26,200 ಪೌಂಡ್‌ನಿಂದ 38,700ಕ್ಕೆ, ಮರುವರ್ಷ ಜುಲೈನಲ್ಲಿ 41,700ಕ್ಕೆ ಏರಿತು. ಕಾಯಂ ವಾಸದ ಹಕ್ಕಿಗೆ ಕಾಯುವ ಅವಧಿಯನ್ನು 5ರಿಂದ 10 ವರ್ಷಕ್ಕೆ ಏರಿಸುವ ಪ್ರಸ್ತಾಪ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಬಂತು. ಸಾಲ ಮಾಡಿ ಹೋದ ದಾದಿಗೆ ಐದು ವರ್ಷ ಹೆಚ್ಚುವರಿ ಎಂದರೆ ಐದು ವರ್ಷದ ವೀಸಾ ಶುಲ್ಕವೂ ಹೆಚ್ಚುವರಿ.

ಕೆನಡಾ 2025ಕ್ಕೆ 5 ಲಕ್ಷ ಕಾಯಂ ನಿವಾಸಿಗಳ ಗುರಿ ಇಟ್ಟಿತ್ತು. 2024ರ ಅಕ್ಟೋಬರ್‌ನಲ್ಲಿ ಅದನ್ನು 3,95,000ಕ್ಕೆ ಇಳಿಸಿತು. ಕಾಯಂ ವಾಸದ ಆಯ್ಕೆಯಲ್ಲಿ ಉದ್ಯೋಗ ಪತ್ರಕ್ಕೆ ಕೊಡುತ್ತಿದ್ದ 50 ಅಥವಾ 200 ಅಂಕಗಳನ್ನು 2025ರ ಮಾರ್ಚ್ 25ರಂದು ತೆಗೆದುಹಾಕಿತು. ಪತ್ರಗಳ ಮಾರಾಟ ನಿಲ್ಲಿಸಲು ಅದು ಬೇಕಿತ್ತು, ನಿಜ. ಪ್ರಾಮಾಣಿಕವಾಗಿ ಕೆಲಸ ಗಿಟ್ಟಿಸಿ ಅಂಕ ಎಣಿಸುತ್ತಿದ್ದವರೂ ಅದೇ ದಿನ ಹಿಂದೆ ಬಿದ್ದರು.

ಜರ್ಮನಿಯಲ್ಲಿ ಕುಶಲ ಕೆಲಸಗಾರರ ಬ್ಲೂ ಕಾರ್ಡ್ ಇದ್ದು ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಬಂದರೆ 21 ತಿಂಗಳಲ್ಲಿ ಕಾಯಂ ವಾಸ. ಅಲ್ಲೂ ಮೂರೇ ವರ್ಷದಲ್ಲಿ ಪೌರತ್ವ ಕೊಡುವ ಸೌಲಭ್ಯ 2025ರ ಅಕ್ಟೋಬರ್‌ನಲ್ಲಿ ರದ್ದಾಯಿತು. ಆದರೂ ಅತಂತ್ರದ ಅವಧಿ ಎರಡು ವರ್ಷದೊಳಗಿದ್ದರೆ ಸರ್ಕಾರ ಬದಲಾಗುವ ಮೊದಲು ದಡ ಸೇರಬಹುದು. ಭಾಷೆ ಕಲಿಯುವ ಕಷ್ಟಕ್ಕೆ ಹೆದರಿ ನಮ್ಮವರು ಇಂಗ್ಲಿಷ್ ದೇಶಗಳನ್ನೇ ನೋಡುತ್ತಾರೆ. ನನ್ನ ಲೆಕ್ಕದಲ್ಲಿ ಅದು ದುಬಾರಿ ಸೋಮಾರಿತನ.

ಕನ್ಸಲ್ಟೆನ್ಸಿಗೆ ದುಡ್ಡು ಕಟ್ಟುವ ಮೊದಲು ಕಾಯಂ ವಾಸಕ್ಕೆ ಎಷ್ಟು ವರ್ಷವೆಂದು ಕೇಳಿ, ಉತ್ತರವನ್ನು ಬರೆದು ಕೊಡಲು ಹೇಳಿ. ಕೆಲಸ ಕೊಡಿಸುವ ಏಜೆಂಟ್ ಆಗಿದ್ದರೆ ಅವರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯೇ ನೋಡಿ. 1983ರ ವಲಸೆ ಕಾಯ್ದೆಯಡಿ ನೋಂದಣಿ ಕಡ್ಡಾಯ. ಮನೆಯಲ್ಲಿ ಮಕ್ಕಳಿದ್ದರೆ ದೊಡ್ಡ ಮಗುವಿನ ವಯಸ್ಸಿಗೆ ಆ ವರ್ಷಗಳನ್ನು ಕೂಡಿಸಿ. ಮೊತ್ತ 21 ದಾಟಿದರೆ ಅಮೆರಿಕಕ್ಕೆ ಬೇಕಿದ್ದರೆ ಕೆಲವು ವರ್ಷ ದುಡಿಯಲು ಹೋಗಿ ಬನ್ನಿ, ನೆಲೆ ನಿಲ್ಲಲು ಬೇರೆ ದೇಶ ನೋಡಿ.