ಪತ್ತನಾಜೆಯ ಗಡುವು ಮತ್ತು ಕಿರಿಯ ವೇಷಧಾರಿಯ ಬೆಲೆ

ಬಂಟ್ವಾಳ ತಾಲ್ಲೂಕಿನ ಗಡಿಗ್ರಾಮವಾದ ಕನ್ಯಾನದ ಸುತ್ತಣ ಪ್ರದೇಶವು ಯಕ್ಷಗಾನ ಮೇಳಗಳಿಗೆ ಅನೇಕ ವೇಷಧಾರಿಗಳನ್ನು ಒದಗಿಸಿದೆ. ನೆರೆಯ ಅಳಿಕೆಯ ರಾಮಯ್ಯ ರೈಗಳು ಕರ್ನಾಟಕ ಮೇಳದಲ್ಲಿ ಪಡೆದ ಕೀರ್ತಿ ಸರ್ವವಿದಿತವಾದುದು. ಆದರೆ ಪ್ರಸ್ತುತ ಲೇಖನದ ವಿಷಯ ಕೀರ್ತಿವಂತನಲ್ಲ. ಕೋಡಂಗಿ, ಬಾಲಗೋಪಾಲ ವೇಷಗಳನ್ನು ದಾಟಿ ಪುಂಡುವೇಷದ ಹೊಸ್ತಿಲಲ್ಲಿ ನಿಂತ ಹುಡುಗ.

ಮೇಳಗಳ ತಿರುಗಾಟವು ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಎಂದರೆ ಮೇ 24ರ ಸುಮಾರಿಗೆ, ಕೊನೆಗೊಳ್ಳುತ್ತದೆ. ವೇಷಧಾರಿಯ ಒಪ್ಪಂದವೂ ಸಾಮಾನ್ಯವಾಗಿ ಅಷ್ಟೇ ಅವಧಿಯದು. ಗೆಜ್ಜೆ ಬಿಚ್ಚಿದವನು ಸ್ವತಂತ್ರನು. ಹಾಗಾದರೆ ವರ್ಷಗಟ್ಟಲೆ ಅನ್ನವಿಕ್ಕಿ ಹೆಜ್ಜೆ ಕಲಿಸಿದ ಮೇಳಕ್ಕೆ, ಹುಡುಗನು ಬೇರೆ ಮೇಳವನ್ನು ಸೇರಿದಾಗ ದಕ್ಕುವುದೇನು?

ಈ ಪ್ರಶ್ನೆಗೆ ಒಂದು ವಿಚಿತ್ರವಾದ ಹೋಲಿಕೆ ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ ದೊರೆಯುತ್ತದೆ. ಅಲ್ಲಿನ ನ್ಯಾಷನಲ್ ಹಾಕಿ ಲೀಗಿನ ತಂಡಗಳು ಎಳೆಯ ಆಟಗಾರರನ್ನು ಸರದಿಯ ಪ್ರಕಾರ ಆಯ್ದುಕೊಳ್ಳುತ್ತವೆ. ಆಯ್ದ ಮಾತ್ರಕ್ಕೆ ಅವನು ತಂಡದವನಾಗುವುದಿಲ್ಲ. ಅವನೊಡನೆ ಒಪ್ಪಂದ ಮಾಡಿಕೊಳ್ಳುವ ಹಕ್ಕಷ್ಟೇ ತಂಡದ್ದು. ಜಿಮ್ಮಿ ವೀಸಿ ಎಂಬ ಹಾರ್ವರ್ಡ್ ವಿದ್ಯಾರ್ಥಿಯನ್ನು ನ್ಯಾಶ್‌ವಿಲ್ ತಂಡ 2012ರಲ್ಲಿ ಆಯ್ದಿತ್ತು. ಅಂದಿನ ನಿಯಮದಂತೆ ಆ ಹಕ್ಕು 2016ರ ಆಗಸ್ಟ್ 15ಕ್ಕೆ ತೀರಬೇಕಾಗಿತ್ತು. ಅವನು ಸಹಿ ಹಾಕಲೊಪ್ಪದಿರಲು, ನ್ಯಾಶ್‌ವಿಲ್ ಜೂನ್ ತಿಂಗಳಲ್ಲಿ ಹಕ್ಕನ್ನು ಬಫಲೋ ತಂಡಕ್ಕೆ ಬಿಟ್ಟುಕೊಟ್ಟು, ಮೂರನೆಯ ಸುತ್ತಿನ ಒಂದು ಆಯ್ಕೆಯನ್ನು ಪಡೆಯಿತು. ಬಫಲೋ ಕೊಂಡುದು ಆಟಗಾರನನ್ನಲ್ಲ, ಎಂಟು ವಾರಗಳ ಮಾತುಕತೆಯ ಅವಕಾಶವನ್ನು. ಗಡುವು ಮುಗಿಯಿತು, ವೀಸಿ ನ್ಯೂಯಾರ್ಕ್ ರೇಂಜರ್ಸ್ ತಂಡವನ್ನು ಸೇರಿದನು, ಬಫಲೋದ ಕೈ ಬರಿದಾಯಿತು. ಗಡುವು ಸಮೀಪಿಸಿದಂತೆಲ್ಲ ಹಕ್ಕಿನ ಬೆಲೆ ಇಳಿಯುತ್ತದೆ, ಆಟಗಾರನ ಬಲ ಏರುತ್ತದೆ. ಆದರೂ ಮೊದಲು ಆಯ್ದ ತಂಡಕ್ಕೆ ಏನೋ ಒಂದಿಷ್ಟು ಸಂದಿತೆಂಬುದನ್ನು ಮರೆಯಲಾಗದು.

ನಮ್ಮ ಮೇಳಕ್ಕೆ ಅಂತಹ ಮಾರತಕ್ಕ ಹಕ್ಕಿಲ್ಲ. ಅದರ ಕೈಯಲ್ಲಿರುವ ಹಗ್ಗ ಒಂದೇ, ಮುಂಗಡ. ವರಮಾನವಿಲ್ಲದ ಮಳೆಗಾಲದ ತಿಂಗಳುಗಳಿಗಾಗಿ ಕೊಟ್ಟ ಈ ಹಣವನ್ನು ಮುಂದಿನ ತಿರುಗಾಟದ ಸಂಬಳದಲ್ಲಿ ಮುರಿದುಕೊಳ್ಳುವುದು ರೂಢಿ. ಪತ್ತನಾಜೆಯ ಮುನ್ನಾದಿನಗಳಲ್ಲಿ ಹುಡುಗನ ಬೆಲೆ ಎಷ್ಟೆಂಬುದು ಈ ಮುಂಗಡದ ಮೊತ್ತದಿಂದಲೇ ತಿಳಿಯುತ್ತದೆ. ಆದರೆ ಆ ಹಣ ಸೇರುವುದು ಹುಡುಗನ ಮನೆಯನ್ನು, ಅದೂ ಸಾಲದ ರೂಪದಲ್ಲಿ. ಕಲಿಸಿದ ಮೇಳಕ್ಕೆ ಚಿಕ್ಕಾಸೂ ಇಲ್ಲ. ಟಿಕೇಟಿನ ಡೇರೆ ಮೇಳಗಳು ಬೆಳೆದ ಕಾಲದಲ್ಲಿ, ಕಲಿಸುವುದಕ್ಕಿಂತ ಕಲಿತವನನ್ನು ಕರೆದುಕೊಳ್ಳುವುದೇ ಅಗ್ಗವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಇದನ್ನು ಯಜಮಾನರ ಲೋಭವೆಂದು ಹಳಿಯುವುದು ಸುಲಭ. ನನಗೆ ಅದು ಲೆಕ್ಕಾಚಾರವಾಗಿಯೇ ಕಾಣುತ್ತದೆ.

ಉಡುಪಿಯ ಯಕ್ಷಗಾನ ಕೇಂದ್ರ 1971ರಲ್ಲಿಯೂ ಧರ್ಮಸ್ಥಳದ ಲಲಿತಕಲಾ ಕೇಂದ್ರ 1972ರಲ್ಲಿಯೂ ಆರಂಭವಾದುವು. ಕಲೆಯ ಶಾಸ್ತ್ರೀಯ ಶಿಕ್ಷಣವೇ ಇವುಗಳ ಉದ್ದೇಶವೆಂಬುದು ನಿಜ. ಆದರೆ ಮೇಳವು ಹೊರಲಾರದಾದ ಕಲಿಕೆಯ ವೆಚ್ಚವನ್ನು ಗಡುವಿನ ಭಯವಿಲ್ಲದ ಸಂಸ್ಥೆಗಳು ವಹಿಸಿಕೊಂಡುದೂ ಇಲ್ಲಿ ಗಮನಾರ್ಹವೆಂದು ನನ್ನ ಅಭಿಪ್ರಾಯ.