ಅಡತಿ ಅಂಗಡಿಯ ಖಾತೆಯಲ್ಲಿ ದವಾಖಾನೆ ಖರ್ಚು

ಸಿಂಧನೂರಿನ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ನೆಲ್ಲು ಬರುವ ಮುಂಚೆಯೇ ರೈತರು ಮುಂಗಡ ಒಯ್ಯುತ್ತಾರೆ. ಗೊಬ್ಬರಕ್ಕೆ, ಮದುವೆಗೆ ಕೇಳುವವರು ಬಡ್ಡಿಯ ಮೇಲೆ ಚೌಕಾಸಿ ಮಾಡುತ್ತಾರೆ. ದವಾಖಾನೆಗೆ ಕೇಳುವವರು ಬಡ್ಡಿ ಎಷ್ಟೆಂದೂ ಕೇಳುವುದಿಲ್ಲ.

ಮಸ್ಕಿ ಕಡೆಯ ರೈತರೊಬ್ಬರು ಹೀಗೇ ಬಂದಾಗ, ‘ಸರ್ಕಾರದ ಆರೋಗ್ಯ ಕಾರ್ಡ್ ಮಾಡಿಸಿಲ್ಲೇನ್ರಿ?’ ಎಂದೆ. ‘ಕಾರ್ಡ್ ಐತ್ರಿ ಅಣ್ಣಾರ, ಅದು ಆಪರೇಷನ್ನಿಗೆ. ಈಗ ಸ್ಕ್ಯಾನಿಂಗು, ಗುಳಿಗಿ, ಗಾಡಿ ಬಾಡಿಗಿ ಯಾರ್ ಕೊಡ್ತಾರ?’ ಎಂದರು.

ಅವರ ಮಾತು ಸುಳ್ಳಲ್ಲ. ಬಡವರ ದೊಡ್ಡ ಕಾಯಿಲೆಗಳಿಗೆ ಸರ್ಕಾರವೇ ಹಣ ಕಟ್ಟುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಶುರುವಾದದ್ದೇ ನಮ್ಮ ಕಲಬುರಗಿ ವಿಭಾಗದಲ್ಲಿ. 2018ರಲ್ಲಿ ಆರೋಗ್ಯ ಕರ್ನಾಟಕ ಬಂತು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ನಿಗದಿತ ದರದ ಶೇ 30, ಗರಿಷ್ಠ 1.5 ಲಕ್ಷ. ಹೃದಯದ ಆಪರೇಷನ್ನಿಗೆ ಹೊಲ ಮಾರುವುದು ಇದರಿಂದ ಎಷ್ಟೋ ಮನೆಗಳಲ್ಲಿ ತಪ್ಪಿದೆ. ಆದರೆ ಅಡ್ಮಿಟ್ ಆಗದೆ ಖಾಸಗಿಯಲ್ಲಿ ತೋರಿಸಿಕೊಂಡರೆ ಕೈಯಿಂದಲೇ ಕೊಡಬೇಕು. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಯಂತೂ ತಿಂಗಳು ತಿಂಗಳೂ ತಪ್ಪದ ಖರ್ಚು.

ಹಾಗಾದರೆ ಖಾಸಗಿಯವರ ದರಕ್ಕೆ ಸರ್ಕಾರ ಕಡಿವಾಣ ಹಾಕಬಾರದೆ? 2017ರಲ್ಲಿ ಆರೋಗ್ಯ ಸಚಿವ ರಮೇಶ್ ಕುಮಾರ್ ಖಾಸಗಿ ಆಸ್ಪತ್ರೆಗಳ ಮೇಲಿನ ಕೆಪಿಎಂಇ ಕಾಯ್ದೆಗೆ ತಿದ್ದುಪಡಿ ತಂದು ಅದಕ್ಕೇ ಕೈ ಹಾಕಿದರು. ನವೆಂಬರ್‌ನಲ್ಲಿ ವೈದ್ಯರು ಮುಷ್ಕರ ಹೂಡಿದರು, ರೋಗಿಗಳು ಪರದಾಡಿದರು. ಸಾಲ ಮಾಡಿ ನರ್ಸಿಂಗ್ ಹೋಂ ಕಟ್ಟಿದವರಿಗೆ ಬೆಂಗಳೂರಿನಲ್ಲಿ ಕೂತು ದರ ಬರೆದರೆ ಹೇಗೆ ಎಂಬ ವೈದ್ಯರ ವಾದವನ್ನೂ ತಳ್ಳಿಹಾಕಲಾಗದು. ಕೊನೆಗೆ ದರ ನಿಗದಿ ಸರ್ಕಾರಿ ಯೋಜನೆಯ ರೋಗಿಗಳಿಗಷ್ಟೇ ಉಳಿಯಿತು. ಮಿಕ್ಕವರಿಗೆ ಸಿಕ್ಕಿದ್ದು ದರಪಟ್ಟಿ ಹಾಕಬೇಕು, ಬಾಕಿ ಇದೆಯೆಂದು ಶವ ತಡೆಯಬಾರದು ಎಂಬ ನಿಯಮಗಳು. ಎರಡನೆಯದು ಸಣ್ಣದೆನ್ನಬೇಡಿ.

ದರಪಟ್ಟಿ ನೋಡಿ ಆಯ್ದುಕೊಳ್ಳಲು ಇನ್ನೊಂದು ದಾರಿ ಇರಬೇಕಲ್ಲ! ರಾತ್ರಿ ಹೆರಿಗೆ ಕಷ್ಟವಾದಾಗ ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರು ಸಿಕ್ಕರೆ ಮಾತ್ರ ಖಾಸಗಿಯವರೂ ದರ ಹೇಳುವಾಗ ಯೋಚಿಸುತ್ತಾರೆ. ಇಲ್ಲದಿದ್ದರೆ ರಾಯಚೂರಿಗೋ ಬಳ್ಳಾರಿಗೋ ಗಾಡಿ ಹತ್ತಬೇಕು, ಬಾಡಿಗೆಗೂ ಮುಂಗಡ ಎತ್ತಬೇಕು. ನಮ್ಮದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯ ಕಾರ್ಮಿಕರಿಗೆ ಕಂಪನಿಯದೇ ಆಸ್ಪತ್ರೆ ಇದೆ. ಆ ಗಣಿಯೂ ರಾಜ್ಯ ಸರ್ಕಾರದ್ದೇ. ಪಕ್ಕದ ಹೊಲದ ಕೂಲಿಗೆ ಅಂಥ ಧಣಿ ಇಲ್ಲ.

ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಧರಣಿ ಶುರುವಾಯಿತು. ಹಿಂದುಳಿದದ್ದೆಂದು ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನ ಪಡೆದ ಜಿಲ್ಲೆ ಕೇಳುವುದರಲ್ಲಿ ತಪ್ಪೇನಿಲ್ಲ, ನಾನೂ ಕೇಳುತ್ತೇನೆ. ಆದರೆ ಮಸ್ಕಿಯವರ ಮುಂಗಡ ಕಡಿಮೆಯಾಗುವುದು ಮಸ್ಕಿಯಲ್ಲೇ ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಗುಳಿಗೆ ಪುಕ್ಕಟೆ ಸಿಕ್ಕಾಗ. 2017ರ ರಾಷ್ಟ್ರೀಯ ಆರೋಗ್ಯ ನೀತಿ, ಸರ್ಕಾರಿ ಖರ್ಚನ್ನು 2025ರೊಳಗೆ ಜಿಡಿಪಿಯ ಶೇ 2.5ಕ್ಕೆ ಏರಿಸುವುದಾಗಿ ಹೇಳಿತ್ತು. ಅಷ್ಟು ಏರಲಿಲ್ಲ. ಮುಂದಿನ ಸಲ ಓಟು ಕೇಳಲು ಬಂದವರು ಹೊಸ ಕಟ್ಟಡದ ಫೋಟೊ ತೋರಿಸಿದರೆ, ಅದರಲ್ಲಿ ರಾತ್ರಿ ಪಾಳಿಗೆ ಯಾವ ಡಾಕ್ಟರ್ ಇರುತ್ತಾರೆಂದು ಕೇಳುವವನಿದ್ದೇನೆ.